ತೋಟದ ಮನೆಯ ಹಳೆಯ ಪಿಸ್ತೂಲು

ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಊರಿನಿಂದ ದೂರ, ತೋಟದ ನಡುವೆಯೇ ಮನೆ ಕಟ್ಟಿಕೊಂಡು ಬಾಳುವ ಕುಟುಂಬಗಳು ಹಿಂದಿನಿಂದಲೂ ಇವೆ. ಮಕ್ಕಳು ಬೆಂಗಳೂರು ಸೇರಿದ ಮೇಲೆ ಇಂಥ ಅನೇಕ ಮನೆಗಳಲ್ಲಿ ಉಳಿದಿರುವವರು ವೃದ್ಧ ದಂಪತಿಗಳು ಮಾತ್ರ. ಅಟ್ಟದ ಮೇಲೆ ವರ್ಷದ ಹತ್ತಿರ ಒಣಗಬೇಕಾದ ಕೊಬ್ಬರಿ, ಮಾರಾಟವಾದ ದಿನ ಮನೆಯಲ್ಲಿ ಒಂದಿಷ್ಟು ನಗದು, ರಾತ್ರಿ ಕೂಗಿದರೆ ಕೇಳಿಸದಷ್ಟು ದೂರದಲ್ಲಿ ನೆರೆಮನೆ. ಈ ಬಗೆಯ ಕೆಲವು ಮನೆಗಳ ಬೀರುವಿನಲ್ಲಿ, ತಾತನ ಕಾಲದ ಕ್ರಯಪತ್ರಗಳ ಪಕ್ಕದಲ್ಲಿ, ಪರವಾನಗಿ ಪಡೆದ ಹಳೆಯ ಪಿಸ್ತೂಲೊಂದೂ ಇರುತ್ತದೆ. ಅದು ಇದೆ ಎಂಬ ಧೈರ್ಯದಲ್ಲೇ ಮನೆಯವರು ನಿದ್ರೆ ಮಾಡುತ್ತಾರೆ. ಆದರೆ ಬೇಕಾದ ಗಳಿಗೆಯಲ್ಲಿ ಅದು ಕೆಲಸ ಮಾಡುತ್ತದೆಯೇ ಎಂಬ ಪ್ರಶ್ನೆಯನ್ನು ಕೇಳಿಕೊಂಡವರು ಕಡಿಮೆ.

ಪ್ರಶ್ನೆ ಸಣ್ಣದೆಂದು ತೋರಬಹುದು. ಆದರೆ ಕೆಲಸ ಮಾಡದ ಪಿಸ್ತೂಲು ಮನೆಯಲ್ಲಿರುವುದು ಪಿಸ್ತೂಲೇ ಇಲ್ಲದಿರುವುದಕ್ಕಿಂತ ಕೆಟ್ಟ ಸ್ಥಿತಿ. ಇಲ್ಲದವನು ಬಾಗಿಲು ಭದ್ರಪಡಿಸುತ್ತಾನೆ, ನಾಯಿ ಸಾಕುತ್ತಾನೆ, 112ಕ್ಕೆ ಕರೆ ಮಾಡುತ್ತಾನೆ. ಇದೆಯೆಂದು ನಂಬಿದವನು ಅದನ್ನು ಹಿಡಿದು ಬಾಗಿಲು ತೆರೆಯುತ್ತಾನೆ. ಅಲ್ಲದೆ, ಹಾರಬೇಕಾದಾಗ ಗುಂಡು ಹಾರಿಸದ ಯಂತ್ರ, ಹಾರಬಾರದ ಹೊತ್ತಿನಲ್ಲಿ ಹಾರಿಸುವ ಸಂಭವವೂ ಇರುತ್ತದೆ. ಈ ಎರಡೂ ದೋಷಗಳಲ್ಲಿ ಹೆಚ್ಚಿನವು ಸರಿಪಡಿಸಬಹುದಾದಂಥವು. ಸರಿಪಡಿಸುವ ಕಾನೂನುಬದ್ಧ ದಾರಿ ಮಾತ್ರ ಹಳ್ಳಿಯವನಿಗೆ ದೂರವಾಗಿದೆ. ನಾನು ಹೇಳಬೇಕೆಂದಿರುವುದು ಇಷ್ಟೇ.

ಈ ಪಿಸ್ತೂಲುಗಳು ಎಲ್ಲಿಂದ ಬಂದವು ಎಂಬುದನ್ನು ಮೊದಲು ನೋಡೋಣ. ನಮ್ಮಲ್ಲಿ ನಾಗರಿಕರ ಕೈಯಲ್ಲಿರುವ ಸಣ್ಣ ಪಿಸ್ತೂಲುಗಳಲ್ಲಿ ಸಾಮಾನ್ಯವಾದದ್ದು ಪಾಯಿಂಟ್ 32 ಅಳತೆಯದು. ಅಮೆರಿಕದ ಜಾನ್ ಮೋಸಸ್ ಬ್ರೌನಿಂಗ್ ರೂಪಿಸಿದ ಈ ಅಳತೆಯ ಕಾಡತೂಸು 1899ರ ಸುಮಾರಿಗೆ ಬಳಕೆಗೆ ಬಂತು. ಬೆಲ್ಜಿಯಂನ ಎಫ್‌ಎನ್ ಕಾರ್ಖಾನೆ, ಅಮೆರಿಕದ ಕೋಲ್ಟ್, ಇಂಗ್ಲೆಂಡಿನ ವೆಬ್ಲಿ ಅಂಡ್ ಸ್ಕಾಟ್, ಜರ್ಮನಿಯ ವಾಲ್ಥರ್ ಮುಂತಾದವು ಈ ಕಾಡತೂಸಿಗೆ ಹೊಂದುವ ಪಿಸ್ತೂಲುಗಳನ್ನು ಅಪಾರ ಸಂಖ್ಯೆಯಲ್ಲಿ ತಯಾರಿಸಿದವು. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರು 1911ರಲ್ಲಿ ಆರಿಸಿಕೊಂಡದ್ದು ವೆಬ್ಲಿಯ ಪಾಯಿಂಟ್ 32 ಪಿಸ್ತೂಲನ್ನೇ. ಆ ಕಾಲದ ಸರಕು ಅಧಿಕಾರಿಗಳು, ತೋಟಗಾರರು, ವರ್ತಕರ ಮೂಲಕ ಇಲ್ಲಿಗೂ ಬಂತು. ಕೈಯಿಂದ ಕೈಗೆ, ತಂದೆಯಿಂದ ಮಗನಿಗೆ ದಾಟಿತು. ಹೀಗಾಗಿ ಇಂದು ಬೀರುವಿನಲ್ಲಿರುವ ಪಿಸ್ತೂಲಿಗೆ ಎಪ್ಪತ್ತು, ತೊಂಬತ್ತು ವರ್ಷ ವಯಸ್ಸಾಗಿದ್ದರೆ ಆಶ್ಚರ್ಯವಿಲ್ಲ.

1980ರ ದಶಕದ ಮಧ್ಯಭಾಗದಲ್ಲಿ ನಾಗರಿಕರಿಗಾಗಿ ವಿದೇಶಿ ಬಂದೂಕುಗಳ ಆಮದನ್ನು ಕೇಂದ್ರ ಸರ್ಕಾರ ನಿಲ್ಲಿಸಿತು. ಕ್ರೀಡಾಪಟುಗಳಿಗೆ ವಿನಾಯಿತಿ ಉಳಿಯಿತು. ಅರ್ಥಶಾಸ್ತ್ರದ ಮೊದಲ ಪಾಠ ಬಲ್ಲವರಿಗೆ ಮುಂದಿನದನ್ನು ವಿವರಿಸಬೇಕಾಗಿಲ್ಲ. ಪೂರೈಕೆ ನಿಂತಿತು, ಬೇಡಿಕೆ ನಿಲ್ಲಲಿಲ್ಲ. ದೇಶದೊಳಗೆ ಅದಾಗಲೇ ಇದ್ದ ಹಳೆಯ ವಿದೇಶಿ ಪಿಸ್ತೂಲುಗಳ ಬೆಲೆ, ತಯಾರಾದ ದೇಶದಲ್ಲಿ ಅವುಗಳಿಗಿರುವ ಬೆಲೆಯ ಹಲವು ಪಟ್ಟು ಏರಿತು. ಬಳಸುವ ಸಲಕರಣೆಯಾಗಿದ್ದದ್ದು ಕೂಡಿಡುವ ಆಸ್ತಿಯಾಯಿತು. ಆಸ್ತಿಯಾದ ಮೇಲೆ ಅದನ್ನು ಯಾರೂ ಹಾರಿಸಿ ನೋಡುವುದಿಲ್ಲ; ಚಿನ್ನದ ಸರದಂತೆ ಬಟ್ಟೆಯಲ್ಲಿ ಸುತ್ತಿಡುತ್ತಾರೆ. ಬಿಡಿಭಾಗಗಳ ಬರವು ಇದೇ ನಿರ್ಬಂಧದ ಇನ್ನೊಂದು ಫಲ. ಮೂಲ ಕಾರ್ಖಾನೆಯ ಮ್ಯಾಗಜಿನ್ ಆಗಲಿ ಸ್ಪ್ರಿಂಗ್ ಆಗಲಿ ತಿಪಟೂರಿನ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ.

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ 1970ರಲ್ಲಿ ಬರೆದ ಪ್ರಬಂಧವೊಂದರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನು ವಿಶ್ಲೇಷಿಸಿದ. ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಆದ್ದರಿಂದ ಮಾರುಕಟ್ಟೆಯಲ್ಲಿ ಕೆಟ್ಟ ಸರಕು ಒಳ್ಳೆಯ ಸರಕನ್ನು ಹೊರದೂಡುತ್ತದೆ ಎಂಬುದು ಅವನ ವಾದದ ಸಾರ. 2001ರಲ್ಲಿ ಅವನಿಗೆ ದೊರೆತ ನೊಬೆಲ್ ಪ್ರಶಸ್ತಿಯ ಹಿಂದೆ ಈ ವಾದವೂ ಇತ್ತು. ನಮ್ಮ ಹಳೆಯ ಪಿಸ್ತೂಲಿನ ವಿಚಾರದಲ್ಲಿ ಸ್ಥಿತಿ ಇನ್ನೂ ವಿಚಿತ್ರ. ಇಲ್ಲಿ ದೋಷ ಮಾಲೀಕನಿಗೇ ಗೊತ್ತಿರುವುದಿಲ್ಲ. ಕಾರಾದರೆ ದಿನವೂ ಓಡುತ್ತದೆ. ಪಿಸ್ತೂಲು ಇಪ್ಪತ್ತು ವರ್ಷ ಸುಮ್ಮನಿದ್ದು ಒಂದು ರಾತ್ರಿ ಮಾತ್ರ ಓಡಬೇಕು.

ಹಾಗಾದರೆ ಕೆಡುವುದು ಎಲ್ಲಿ? ಈ ಬಗೆಯ ಸಣ್ಣ ಪಿಸ್ತೂಲಿನ ಕೆಲಸ ಸರಳವಾದದ್ದು. ಹಿಡಿಯೊಳಗಿನ ಮ್ಯಾಗಜಿನ್ ಎಂಬ ತಗಡಿನ ಪೆಟ್ಟಿಗೆಯಲ್ಲಿ ಕಾಡತೂಸುಗಳು ಒಂದರ ಮೇಲೊಂದು ಕುಳಿತಿರುತ್ತವೆ. ಕೆಳಗಿನ ಸ್ಪ್ರಿಂಗ್ ಅವನ್ನು ಮೇಲಕ್ಕೆ ಒತ್ತುತ್ತಿರುತ್ತದೆ. ಟ್ರಿಗರ್ ಎಳೆದಾಗ ಪಿನ್ನೊಂದು ಕಾಡತೂಸಿನ ತಳದ ಕೇಪಿಗೆ ಬಡಿದು ಮದ್ದು ಹೊತ್ತಿಕೊಳ್ಳುತ್ತದೆ. ಗುಂಡು ಮುಂದಕ್ಕೆ ಹಾರುವ ರಭಸಕ್ಕೆ ಮೇಲಿನ ಸ್ಲೈಡ್ ಹಿಂದಕ್ಕೆ ಸರಿಯುತ್ತದೆ. ಹಾಗೆ ಸರಿಯುವಾಗ ಒಂದು ಸಣ್ಣ ಕೊಕ್ಕೆ ಖಾಲಿ ಕೋಶವನ್ನು ಹೊರಗೆಳೆದು ಎಸೆಯುತ್ತದೆ. ಇನ್ನೊಂದು ಸ್ಪ್ರಿಂಗ್ ಸ್ಲೈಡನ್ನು ಮರಳಿ ಮುಂದಕ್ಕೆ ತಳ್ಳುವಾಗ ಹೊಸ ಕಾಡತೂಸು ನಳಿಗೆಯೊಳಗೆ ಹೋಗಿ ಕೂರುತ್ತದೆ. ಇವೆಲ್ಲ ಕಣ್ಣುರೆಪ್ಪೆ ಬಡಿಯುವುದರೊಳಗೆ ನಡೆಯಬೇಕು. ಒಂದು ಕೊಂಡಿ ತಪ್ಪಿದರೂ ಪಿಸ್ತೂಲು ಸಿಕ್ಕಿಕೊಳ್ಳುತ್ತದೆ.

ಅನುಭವಿ ಬಂದೂಕು ಕುಶಲಕರ್ಮಿಗಳು ಮೊದಲು ಸಂಶಯಪಡುವುದು ಮ್ಯಾಗಜಿನ್ನನ್ನು. ಇಡೀ ಪಿಸ್ತೂಲಿನಲ್ಲಿ ಅದರಷ್ಟು ತೆಳುವಾದ, ಅದರಷ್ಟು ಉಪೇಕ್ಷೆಗೆ ಒಳಗಾದ ಭಾಗ ಬೇರೆಯಿಲ್ಲ. ಒಮ್ಮೆ ಕೈಜಾರಿ ನೆಲಕ್ಕೆ ಬಿದ್ದರೆ ಅದರ ಬಾಯಿಯ ಅಂಚು ಕೂದಲೆಳೆಯಷ್ಟು ಬಾಗುತ್ತದೆ. ಅಷ್ಟು ಸಾಕು, ಕಾಡತೂಸು ನಳಿಗೆಗೆ ಓರೆಯಾಗಿ ನುಗ್ಗುತ್ತದೆ. ತುಂಬಿದ ಮ್ಯಾಗಜಿನ್ನನ್ನು ದಶಕಗಟ್ಟಲೆ ಹಾಗೆಯೇ ಇಟ್ಟರೆ ಹಳೆಯ ಉಕ್ಕಿನ ಸ್ಪ್ರಿಂಗ್ ಬಿಗುವು ಕಳೆದುಕೊಳ್ಳುತ್ತದೆ. ಪಾಯಿಂಟ್ 32 ಕಾಡತೂಸಿಗೆ ತನ್ನದೇ ಆದ ಇನ್ನೊಂದು ತೊಡಕಿದೆ. ಅದರ ತಳದ ಅಂಚು ಕೋಶಕ್ಕಿಂತ ತುಸು ಹೊರಚಾಚಿರುತ್ತದೆ. ತುಂಬುವಾಗ ಮೇಲಿನ ಕಾಡತೂಸಿನ ಅಂಚು ಕೆಳಗಿನದರ ಅಂಚಿನ ಹಿಂದೆ ಕುಳಿತುಬಿಟ್ಟರೆ ಎರಡೂ ಒಂದಕ್ಕೊಂದು ಕಚ್ಚಿಕೊಂಡು, ಸ್ಲೈಡ್ ಎಷ್ಟು ತಳ್ಳಿದರೂ ಮುಂದೆ ಸಾಗುವುದಿಲ್ಲ. ಇದು ಯಂತ್ರದ ದೋಷವಲ್ಲ, ತುಂಬುವ ಕ್ರಮದ ದೋಷ.

ಎರಡನೆಯ ಸಂಶಯ ಕಾಡತೂಸಿನ ಮೇಲೆ. ಪುಣೆ ಬಳಿಯ ಖಡಕಿಯ ಸರ್ಕಾರಿ ಕಾರ್ಖಾನೆಯ ಕಾಡತೂಸುಗಳೇ ನಮ್ಮವರಿಗೆ ಪರಿಚಿತ. 2021ರ ಅಕ್ಟೋಬರ್‌ನಲ್ಲಿ ಆರ್ಡ್‌ನೆನ್ಸ್ ಫ್ಯಾಕ್ಟರಿ ಮಂಡಳಿ ವಿಸರ್ಜನೆಯಾದ ಮೇಲೆ ಆ ಕಾರ್ಖಾನೆ ಮ್ಯುನಿಷನ್ಸ್ ಇಂಡಿಯಾ ಲಿಮಿಟೆಡ್‌ನ ಅಧೀನದಲ್ಲಿದೆ. ತಂದೆಯ ಕಾಲದಲ್ಲಿ ಕೊಂಡ ಕಾಡತೂಸನ್ನು ಮಗ ಇಂದಿಗೂ ಕಾಪಾಡಿಕೊಂಡಿರುತ್ತಾನೆ. ಮಳೆಗಾಲದ ತೇವ, ಬೇಸಿಗೆಯ ಕಾವು, ಎಣ್ಣೆಯ ಜಿನುಗು ಇವುಗಳಿಂದ ಕೇಪು ಸತ್ತಿರುವ ಸಂಭವ ಉಂಟು. ಹಿತ್ತಾಳೆಯ ಮೇಲೆ ಹಸಿರು ಕಿಲುಬು ಕಂಡರೆ ಅದನ್ನು ತಿಕ್ಕಿ ಬಳಸಬಾರದು. ಇನ್ನೊಂದು ಎಚ್ಚರಿಕೆಯೂ ಅಗತ್ಯ. ಪಾಯಿಂಟ್ 32 ರಿವಾಲ್ವರ್‌ನ ಕಾಡತೂಸು ಬೇರೆ, ಪಾಯಿಂಟ್ 32 ಪಿಸ್ತೂಲಿನ ಕಾಡತೂಸು ಬೇರೆ. ಸಂಖ್ಯೆ ಒಂದೇ ಎಂದು ಅದಲುಬದಲು ಮಾಡುವಂತಿಲ್ಲ.

ಮೂರನೆಯದು ನಮ್ಮ ಸೀಮೆಗೇ ವಿಶಿಷ್ಟವಾದ ದೋಷ: ಕೊಬ್ಬರಿ ಎಣ್ಣೆ. ಬಾಗಿಲ ಕೀಲಿನಿಂದ ಹಿಡಿದು ತಲೆಗೂದಲವರೆಗೆ ಎಲ್ಲಕ್ಕೂ ಹಚ್ಚುವ ಎಣ್ಣೆಯನ್ನು ಪಿಸ್ತೂಲಿಗೆ ಮಾತ್ರ ಬೇಡವೆನ್ನಲು ತೆಂಗಿನ ಸೀಮೆಯವರಿಗೆ ಮನಸ್ಸು ಬಾರದು. ಆದರೆ ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಾರ್ಗಶಿರ, ಪುಷ್ಯ ಮಾಸಗಳ ಬೆಳಗಿನಲ್ಲಿ ಬಾಟಲಿಯೊಳಗಿನ ಎಣ್ಣೆ ಬೆಣ್ಣೆಯಂತಾಗಿರುವುದನ್ನು ಇಲ್ಲಿ ನೋಡದವರಾರು? ಪಿಸ್ತೂಲಿನ ಪಿನ್ನಿನ ಸುತ್ತ ಹಾಗೆಯೇ ಹೆಪ್ಪುಗಟ್ಟಿದರೆ ಪಿನ್ನಿನ ಪೆಟ್ಟು ಮೆತ್ತಗಾಗಿ ಕೇಪು ಸಿಡಿಯುವುದಿಲ್ಲ. ಎಣ್ಣೆ ಕಮಟಾದಂತೆ ಅದರ ಆಮ್ಲ ಲೋಹವನ್ನು ತಿನ್ನುತ್ತದೆ, ಧೂಳನ್ನು ಹಿಡಿದಿಡುತ್ತದೆ. ಆಯುಧಪೂಜೆಯ ದಿನ ಹಚ್ಚುವ ಅರಿಸಿನ, ಕುಂಕುಮ, ಗಂಧಗಳು ಈ ಜಿಡ್ಡಿಗೆ ಸೇರಿ ವರ್ಷವಿಡೀ ಒಳಗೇ ಉಳಿಯುತ್ತವೆ. ಪೂಜೆಗೆ ಅಡ್ಡಿಯಿಲ್ಲ, ಮರುದಿನ ಒರೆಸಿಡುವುದೂ ಪೂಜೆಯ ಭಾಗವೇ ಆಗಬೇಕು. ಬಂದೂಕಿಗೆಂದೇ ಸಿಗುವ ಖನಿಜ ಎಣ್ಣೆಯನ್ನು ತೆಳುವಾಗಿ, ಹನಿಗಳ ಲೆಕ್ಕದಲ್ಲಿ ಬಳಸುವುದೇ ಸರಿ.

ಉಳಿದವು ಸವೆತದ ದೋಷಗಳು. ಕೊಕ್ಕೆಯ ತುದಿ ಸವೆದರೆ ಖಾಲಿ ಕೋಶ ಹೊರಬರುವುದಿಲ್ಲ. ಸ್ಲೈಡಿನ ಸ್ಪ್ರಿಂಗ್ ಸೋತರೆ ಹೊಸ ಕಾಡತೂಸು ಪೂರ್ತಿ ಒಳಗೆ ಕೂರುವುದಿಲ್ಲ. ಸ್ಲೈಡ್ ಹಿಂದಕ್ಕೆ ಬಡಿಯುವ ಪೆಟ್ಟೂ ಹೆಚ್ಚಾಗಿ ಬಿರುಕು ಬಿಡಬಹುದು. ಬಿಗಿಯಾಗಿರಲಿ ಎಂದು ಯಾವುದೋ ಗಟ್ಟಿ ಸ್ಪ್ರಿಂಗ್ ತುರುಕಿದರೆ ಸ್ಲೈಡ್ ಸಾಕಷ್ಟು ಹಿಂದೆ ಸರಿಯದೆ ಖಾಲಿ ಕೋಶ ಬಾಯಲ್ಲೇ ಸಿಕ್ಕಿಕೊಳ್ಳುತ್ತದೆ. ಸ್ಪ್ರಿಂಗಿನ ಬಿಗುವು ಅಳತೆಯ ಮಾತು, ಅಂದಾಜಿನ ಮಾತಲ್ಲ.

ಇವು ಪಿಸ್ತೂಲು ಕೆಲಸ ಮಾಡದಿರುವ ಬಗೆಗಳು. ಕೆಟ್ಟ ರೀತಿಯಲ್ಲಿ ಕೆಲಸ ಮಾಡುವ ಬಗೆಗಳು ಇನ್ನೂ ಭಯಾನಕ. ಹಳೆಯ ಕಾಡತೂಸಿನ ಕೇಪು ಕೆಲವೊಮ್ಮೆ ತಡವಾಗಿ ಹೊತ್ತಿಕೊಳ್ಳುತ್ತದೆ. ಹಾರಲಿಲ್ಲವೆಂದು ನಳಿಗೆಯ ಬಾಯನ್ನು ಮುಖದತ್ತ ತಿರುಗಿಸಿ ನೋಡುವವನು ಆ ಕ್ಷಣದಲ್ಲೇ ಪ್ರಾಣ ಕಳೆದುಕೊಳ್ಳಬಹುದು. ಮದ್ದು ಅರೆಬರೆ ಉರಿದರೆ ಗುಂಡು ನಳಿಗೆಯ ಮಧ್ಯದಲ್ಲೇ ನಿಂತುಬಿಡುತ್ತದೆ. ಅದರ ಹಿಂದೆ ಇನ್ನೊಂದನ್ನು ಹಾರಿಸಿದರೆ ನಳಿಗೆ ಸಿಡಿಯುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದ ಅನೇಕ ಪಿಸ್ತೂಲುಗಳಲ್ಲಿ, ಕೈಜಾರಿ ಬಿದ್ದಾಗ ಪಿನ್ ಮುಂದೆ ಜಿಗಿಯದಂತೆ ತಡೆಯುವ ಏರ್ಪಾಡಿಲ್ಲ. ನಳಿಗೆಯಲ್ಲಿ ಕಾಡತೂಸಿದ್ದರೆ ಬಿದ್ದ ಪೆಟ್ಟಿಗೇ ಗುಂಡು ಹಾರಬಹುದು. ಮ್ಯಾಗಜಿನ್ ತೆಗೆದ ಮಾತ್ರಕ್ಕೆ ಪಿಸ್ತೂಲು ಖಾಲಿಯಾಯಿತೆಂದು ತಿಳಿಯುವುದು ಇನ್ನೊಂದು ಅಪಾಯ. ನಳಿಗೆಯೊಳಗೆ ಉಳಿದ ಒಂದೇ ಒಂದು ಕಾಡತೂಸು ಮೊಮ್ಮಗುವಿನ ಕೈಗೆ ಸಿಕ್ಕರೆ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೀಗಿರುವಾಗ ಮಾಲೀಕನು ಮಾಡುವುದೇನು? ಬಹುಪಾಲು ಮಂದಿ ಏನನ್ನೂ ಮಾಡುವುದಿಲ್ಲ. ಉಳಿದವರಲ್ಲಿ ಕೆಲವರಿಗೆ ಊರಿನ ಲೇತ್ ಅಂಗಡಿ ನೆನಪಾಗುತ್ತದೆ. ಪಂಪ್‌ಸೆಟ್ಟಿನ ಶಾಫ್ಟನ್ನು, ಟಿಲ್ಲರ್‌ನ ಬುಷ್ಷನ್ನು ಅಚ್ಚುಕಟ್ಟಾಗಿ ಮಾಡಿಕೊಡುವ ಕೆಲಸಗಾರನಿಗೆ ಇಷ್ಟು ಸಣ್ಣ ಕೊಕ್ಕೆ ಎಷ್ಟರ ಕೆಲಸ ಎಂಬ ಭಾವನೆ. ಇಲ್ಲಿಯೇ ಕಾನೂನಿನ ಗಂಭೀರ ತೊಡಕಿರುವುದು.

1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಬಂದೂಕು ತಯಾರಿಸುವುದಕ್ಕೆ ಮತ್ತು ಮಾರುವುದಕ್ಕೆ ಮಾತ್ರವಲ್ಲ, ದುರಸ್ತಿ ಮಾಡುವುದಕ್ಕೂ ಪರೀಕ್ಷಿಸುವುದಕ್ಕೂ ಪ್ರತ್ಯೇಕ ಪರವಾನಗಿ ಬೇಕು. ಅದನ್ನು ಉಲ್ಲಂಘಿಸಿದವರಿಗೆ 25ನೇ ಸೆಕ್ಷನ್ ವಿಧಿಸುವ ಶಿಕ್ಷೆಯನ್ನು 2019ರ ತಿದ್ದುಪಡಿ ಕಠಿಣಗೊಳಿಸಿತು. ಹಿಂದೆ ಕನಿಷ್ಠ 3 ವರ್ಷವಿದ್ದ ಸೆರೆವಾಸ ಈಗ ಕನಿಷ್ಠ 7 ವರ್ಷ, ಗರಿಷ್ಠ, ಜೀವಾವಧಿ. ಕಳ್ಳಬಂದೂಕು ತಯಾರಕರನ್ನು ಮಟ್ಟಹಾಕುವುದು ತಿದ್ದುಪಡಿಯ ಗುರಿಯಾಗಿತ್ತು. ಆ ಗುರಿ ನ್ಯಾಯವಾದದ್ದೇ. ಆದರೆ ಕಾಯ್ದೆಯ ಅಕ್ಷರಕ್ಕೆ ಕಳ್ಳಬಂದೂಕಿನವನೂ, ಗುರುತಿನ ಗೌಡರ ಮಾತಿಗೆ ಕಟ್ಟುಬಿದ್ದು ಕೊಕ್ಕೆ ಉಜ್ಜಿಕೊಟ್ಟ ಲೇತ್ ಕೆಲಸಗಾರನೂ ಒಂದೇ. ಇನ್ನೂರು ರೂಪಾಯಿ ಕೂಲಿಯ ಕೆಲಸಕ್ಕೆ ಏಳು ವರ್ಷದ ಸೆರೆವಾಸ! ಮಾಲೀಕನ ಬಳಿ ಪರವಾನಗಿ ಇದೆಯೆಂಬುದು ಆ ಕೆಲಸಗಾರನನ್ನು ರಕ್ಷಿಸುವುದಿಲ್ಲ. ತಮ್ಮ ಪಿಸ್ತೂಲಿಗಾಗಿ ಇನ್ನೊಬ್ಬರ ಮನೆ ಹಾಳುಮಾಡುವ ಹಕ್ಕು ಯಾವ ಮಾಲೀಕರಿಗೂ ಇಲ್ಲ. ಅಲ್ಲದೆ ಟ್ರಿಗರ್‌ನ ಒಳಭಾಗಗಳನ್ನು ಅಂದಾಜಿನಲ್ಲಿ ಉಜ್ಜಿದ ಪಿಸ್ತೂಲು ಕೈ ತಗುಲಿದಷ್ಟಕ್ಕೇ ಹಾರಬಹುದು. ಕಾನೂನನ್ನು ಬದಿಗಿಟ್ಟರೂ ಇದು ಜಾಣತನವಲ್ಲ.

ಕಾನೂನುಬದ್ಧವಾದ ದಾರಿಯ ಕ್ರಮ ಹೀಗಿದೆ. ಶುಚಿಗೊಳಿಸುವುದು, ಒರೆಸಿ ಎಣ್ಣೆ ಹಾಕುವುದು ಮಾಲೀಕನದೇ ಕೆಲಸ. ಅದಕ್ಕಿಂತ ಮುಂದೆ ಹೋಗಬೇಕಾಗಿಲ್ಲ. ಮೊದಲು ಮ್ಯಾಗಜಿನ್ ತೆಗೆದು, ಆಮೇಲೆ ಸ್ಲೈಡ್ ಎಳೆದು ನಳಿಗೆ ಖಾಲಿಯಿರುವುದನ್ನು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಖಚಿತಪಡಿಸಿಕೊಳ್ಳಬೇಕು. ಹಳೆಯ ಜಿಡ್ಡು ತೆಗೆಯಬೇಕು. ಹಳೆಯ ಕಾಡತೂಸುಗಳನ್ನು ಪರವಾನಗಿ ಪಡೆದ ವರ್ತಕರ ಸಲಹೆಯಂತೆ ವಿಲೇವಾರಿ ಮಾಡಿ ಹೊಸದನ್ನು ಕೊಳ್ಳಬೇಕು. ಇಷ್ಟರಿಂದಲೇ ಅರ್ಧದಷ್ಟು ದೂರುಗಳು ಇಲ್ಲವಾದರೆ ಅಚ್ಚರಿಯಿಲ್ಲ. ಉಳಿದ ದೋಷಗಳಿಗೆ ದುರಸ್ತಿಯ ಪರವಾನಗಿ ಇರುವ ಕುಶಲಕರ್ಮಿಯೇ ಬೇಕು. ಅವನ ಬಳಿಗೆ ಒಯ್ಯುವಾಗ ಪರವಾನಗಿ ಪುಸ್ತಕ ಜತೆಗಿರಬೇಕು, ಪರವಾನಗಿಯ ವ್ಯಾಪ್ತಿ ಆ ಜಿಲ್ಲೆಗೂ ಇದೆಯೇ ನೋಡಿಕೊಳ್ಳಬೇಕು, ಅಂಗಡಿಯ ವಹಿಯಲ್ಲಿ ನಮೂದಾಗಿ ರಸೀದಿ ಸಿಗಬೇಕು. ದುರಸ್ತಿಯ ನಂತರ ಮಾನ್ಯತೆ ಪಡೆದ ಗುಂಡು ಹಾರಿಸುವ ಮೈದಾನದಲ್ಲಿ ಹಾರಿಸಿ ನೋಡದೆ ಅದು ಸರಿಯಾಯಿತೆಂದು ನಂಬಬಾರದು. ಯುದ್ಧಕಾಲದಲ್ಲಿ ಶಸ್ತ್ರಾಭ್ಯಾಸ ಎಂಬ ನಾಣ್ಣುಡಿ ಹುಟ್ಟಿದ್ದೇ ಇಂಥವರಿಗಾಗಿ.

ಕೇಳಲು ಸುಲಭ, ನಡೆಸಲು ಕಷ್ಟ. ತುರುವೇಕೆರೆಯ ಅರವತ್ತೈದರ ರೈತರೊಬ್ಬರು ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕು; ಒಪ್ಪಿಸಿ ಬರಲು ಒಮ್ಮೆ, ತರಲು ಇನ್ನೊಮ್ಮೆ, ಪಿಸ್ತೂಲನ್ನು ಚೀಲದಲ್ಲಿಟ್ಟುಕೊಂಡು ಬಸ್ಸಿನಲ್ಲಿ. ದುರಸ್ತಿಯ ಬೆಲೆ ಕೂಲಿ ಮಾತ್ರವಲ್ಲ. ಪ್ರಯಾಣ, ಸಮಯ, ಆತಂಕ ಎಲ್ಲವೂ ಅದರಲ್ಲಿ ಸೇರುತ್ತವೆ. ಕಾನೂನುಬದ್ಧ ಸೇವೆಯ ಒಟ್ಟು ಬೆಲೆ ಹೆಚ್ಚಾದಷ್ಟೂ ಜನ ಅದನ್ನು ಬಿಟ್ಟು ಕಾನೂನುಬಾಹಿರವಾದದ್ದನ್ನೋ ಉದಾಸೀನವನ್ನೋ ಆರಿಸಿಕೊಳ್ಳುತ್ತಾರೆ. ಶಿಕ್ಷೆಯನ್ನು ಎಷ್ಟು ಏರಿಸಿದರೂ ಈ ಲೆಕ್ಕಾಚಾರ ಬದಲಾಗದು. ದಾರಿಯನ್ನು ಹತ್ತಿರ ತರುವುದೇ ಪರಿಹಾರ.

ಇದಕ್ಕೆ ಹೊಸ ಇಲಾಖೆ ಬೇಕಿಲ್ಲ. ರಾಜ್ಯದ ಜಿಲ್ಲಾ ಪೊಲೀಸರು ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನು ನಡೆಸುತ್ತ ಬಂದಿದ್ದಾರೆ. 2016ರ ಶಸ್ತ್ರಾಸ್ತ್ರ ನಿಯಮಗಳು ಹೊಸ ಅರ್ಜಿದಾರರಿಗೆ ಸುರಕ್ಷತಾ ತರಬೇತಿಯನ್ನು ಕಡ್ಡಾಯ ಮಾಡಿವೆ. ಅದೇ ಶಿಬಿರಕ್ಕೆ ಒಂದು ದಿನ ಸೇರಿಸಿ, ದುರಸ್ತಿ ಪರವಾನಗಿಯುಳ್ಳ ಕುಶಲಕರ್ಮಿಯೊಬ್ಬರನ್ನು ಕರೆಸಿ, ಹಳೆಯ ಬಂದೂಕುಗಳ ತಪಾಸಣೆ ನಡೆಸಬಹುದು. ಆಯುಧಪೂಜೆಯ ಹಿಂದಿನ ವಾರ ಅದಕ್ಕೆ ಪ್ರಶಸ್ತ. ಹೇಗಿದ್ದರೂ ಆಗ ಎಲ್ಲರೂ ಆಯುಧಗಳನ್ನು ಹೊರತೆಗೆಯುತ್ತಾರೆ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬಕ್ಕೆ ಕೋವಿಗಳನ್ನು ಶುಚಿಗೊಳಿಸಿ ಪೂಜಿಸುವ ರೂಢಿ ಇರುವುದನ್ನು ಇಲ್ಲಿ ನೆನೆಯಬಹುದು.

ಎರಡನೆಯದು ನವೀಕರಣದ ಸಮಯದ ಪರೀಕ್ಷೆ. ಪರವಾನಗಿಯ ಅವಧಿಯನ್ನು 2019ರ ತಿದ್ದುಪಡಿ 3 ವರ್ಷದಿಂದ 5 ವರ್ಷಕ್ಕೆ ಏರಿಸಿತು. ನವೀಕರಣಕ್ಕೆ ಬಂದ ಪಿಸ್ತೂಲಿನ ಸಂಖ್ಯೆಯನ್ನು ಪುಸ್ತಕದೊಂದಿಗೆ ತಾಳೆ ನೋಡುವ ಪದ್ಧತಿಯನ್ನು ಸೇವೆಯಲ್ಲಿದ್ದಾಗ ನಾನು ಕಂಡಿದ್ದೇನೆ. ಅದು ಸುರಕ್ಷಿತವಾಗಿ ಕೆಲಸ ಮಾಡುತ್ತದೆಯೇ ಎಂದು ನೋಡಿದ್ದನ್ನು ಕಂಡಿಲ್ಲ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಬಂದೂಕಿನ ನಳಿಗೆಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಸಂಸ್ಥೆ 1813ರಲ್ಲೇ ಕಾಯ್ದೆಯ ಮೂಲಕ ಸ್ಥಾಪನೆಯಾಯಿತು. ಅಷ್ಟು ದೊಡ್ಡದು ಬೇಡ. ಐದು ವರ್ಷಕ್ಕೊಮ್ಮೆ ಕುಶಲಕರ್ಮಿಯ ಒಂದು ಹಾಳೆಯ ಪ್ರಮಾಣಪತ್ರ ಸಾಕು.

ಮೂರನೆಯದು ಠಾಣೆಯಲ್ಲಿ ಠೇವಣಿ ಇಡುವ ಕಾಲ. 2024ರ ಲೋಕಸಭಾ ಚುನಾವಣೆಯ ನೀತಿಸಂಹಿತೆ ಮಾರ್ಚ್ 16ರಿಂದ ಜೂನ್ ಮೊದಲ ವಾರದವರೆಗೆ ಜಾರಿಯಲ್ಲಿತ್ತು. ಇಂಥ ಅವಧಿಗಳಲ್ಲಿ ಠಾಣೆ ಸೇರುವ ಬಂದೂಕುಗಳು ಎಣ್ಣೆ ಕಾಣದೆ ಕೋಣೆಯೊಂದರಲ್ಲಿ ರಾಶಿ ಬಿದ್ದರೆ, ಮರಳಿ ಬರುವಾಗ ತುಕ್ಕು ಹೊತ್ತು ಬರುತ್ತವೆ. ಒಪ್ಪಿಸುವ ಮೊದಲು ಎಣ್ಣೆ ಒರೆಸಿ, ಪ್ರತ್ಯೇಕವಾಗಿ ಸುತ್ತಿಡಲು ಅವಕಾಶ ಕೊಟ್ಟರೆ ಸರ್ಕಾರಕ್ಕೆ ಖರ್ಚೇನೂ ಇಲ್ಲ.

ನಾಲ್ಕನೆಯದು, ಕೈಬಿಡುವ ದಾರಿ. ಎಲ್ಲ ಪಿಸ್ತೂಲುಗಳೂ ದುರಸ್ತಿಗೆ ಯೋಗ್ಯವಲ್ಲ. ನಳಿಗೆ ತುಕ್ಕಿನಿಂದ ಕೊರೆದಿದ್ದರೆ, ದೇಹದಲ್ಲಿ ಬಿರುಕಿದ್ದರೆ, ಬಿಡಿಭಾಗಗಳೇ ಸಿಗದಿದ್ದರೆ ಅದನ್ನು ಬಿಟ್ಟುಕೊಡುವುದೇ ವಿವೇಕ. ಪರವಾನಗಿದಾರರು ತೀರಿಕೊಂಡರೆ ವಾರಸುದಾರರು ಅನಗತ್ಯ ವಿಳಂಬವಿಲ್ಲದೆ ಅದನ್ನು ಠಾಣೆಯಲ್ಲೋ ಪರವಾನಗಿ ಪಡೆದ ವರ್ತಕರಲ್ಲೋ ಠೇವಣಿ ಇಡಬೇಕೆಂದು ಕಾಯ್ದೆಯ 21ನೇ ಸೆಕ್ಷನ್ ಹೇಳುತ್ತದೆ. ಬದುಕಿರುವಾಗಲೇ ವಾರಸುದಾರರ ಹೆಸರಿಗೆ ಬದಲಾಯಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ: ಪರವಾನಗಿದಾರರಿಗೆ 70 ವರ್ಷ ತುಂಬಿರಬೇಕು ಅಥವಾ ಬಂದೂಕು ಅವರ ಬಳಿ 25 ವರ್ಷ ಇದ್ದಿರಬೇಕು. ಬೆಂಗಳೂರಿನ ಮಗನಿಗೆ ಅದು ಬೇಡವಾದರೆ, ಆ ಮಾತನ್ನು ತಂದೆಯ ಜೀವಿತಕಾಲದಲ್ಲೇ ಆಡಿ ಮುಗಿಸುವುದು ಒಳ್ಳೆಯದು. ಲಕ್ಷಗಟ್ಟಲೆ ಬೆಲೆ ಬರುತ್ತದೆಂಬ ಆಸೆಯಿಂದ ಇಟ್ಟುಕೊಂಡದ್ದು ರಕ್ಷಣೆಯ ಸಾಧನವಲ್ಲ, ಅಪಾಯದ ಹೂಡಿಕೆ.

ನಾಗರಿಕರ ಕೈಯಲ್ಲಿ ಬಂದೂಕೇ ಏಕಿರಬೇಕು ಎಂದು ಕೇಳುವವರಿದ್ದಾರೆ. ಪರವಾನಗಿಗಳು ಕಡಿಮೆಯಿರಬೇಕೆಂಬುದು ನನ್ನ ಅಭಿಪ್ರಾಯವೂ ಹೌದು. ಒಬ್ಬರಿಗೆ ಮೂರು ಬಂದೂಕುಗಳವರೆಗೆ ಇದ್ದ ಮಿತಿಯನ್ನು 2019ರಲ್ಲಿ ಎರಡಕ್ಕೆ ಇಳಿಸಿದ್ದು ಸರಿಯಾದ ಹೆಜ್ಜೆ. ಆದರೆ ಸರ್ಕಾರವೇ ಪರವಾನಗಿ ಕೊಟ್ಟು, ಶುಲ್ಕ ಪಡೆದು, ಐದು ವರ್ಷಕ್ಕೊಮ್ಮೆ ಮುದ್ರೆ ಒತ್ತಿ, ಆ ಯಂತ್ರ ಮಾಲೀಕನ ಕೈಯಲ್ಲೇ ಸಿಡಿಯಬಹುದೇ ಎಂಬುದನ್ನು ಮಾತ್ರ ತನ್ನ ಹೊಣೆಯಲ್ಲವೆಂದರೆ ಅದು ಆಡಳಿತವಲ್ಲ. ಮಾಲೀಕರಿಗೂ ಆಯ್ಕೆಗಳು ಎರಡೇ: ಪಿಸ್ತೂಲನ್ನು ಪರವಾನಗಿಯುಳ್ಳ ಕೈಗಳಿಂದ ಸರಿಪಡಿಸಿ, ಹಾರಿಸಿ ನೋಡಿ, ಬೀಗ ಹಾಕಿ ಇಡುವುದು; ಇಲ್ಲವೇ ಗೌರವದಿಂದ ಒಪ್ಪಿಸಿಬಿಡುವುದು. ಕೊಬ್ಬರಿ ಎಣ್ಣೆ ಸವರಿ ಬೀರುವಿಗೆ ಮರಳಿಸುವುದು ಇವೆರಡರಲ್ಲಿ ಯಾವುದೂ ಅಲ್ಲ.